ಚೀಟಿಯಲ್ಲಿ ಬಂದ ನೆರೆಮನೆ

ಅಕ್ಕ ಜಮಖಂಡಿಯಿಂದ ಬಂದಾಗಲೆಲ್ಲ ಅವಳ ಕರಿ ಕೋಟು ನಮ್ಮ ಹಿತ್ತಲಿನ ಹಗ್ಗದ ಮೇಲೆ ತೋಳು ಇಳಿಬಿಟ್ಟು ಒಣಗುತ್ತಿರುತ್ತದೆ. ಶೇಂಗಾ ಹರವಿದ ದಿನ ಅದೊಂದಿದ್ದರೆ ಸಾಕು, ಕಾಗೆಗಳು ಇತ್ತ ಸುಳಿಯುವುದಿಲ್ಲ. ಬೆಳಿಗ್ಗೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವುದು, ಆಮೇಲೆ ಕೋರ್ಟು, ಹೀಗೆ ಒಂದೇ ಕೋಟಿನಲ್ಲಿ ಎರಡು ಕೆಲಸ ಮಾಡುವವಳು ಅವಳು. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟು ಕುರಿಗಳ ಬೆನ್ನು ಹತ್ತಿದವನು. ಓದಿದವಳಿಗೆ ನ್ಯಾಯ ತಿಳಿಯಿತು, ನನಗೆ ತಿಳಿಯಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಗೆಳೆಯರೇ, ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಆಲಮಟ್ಟಿಯ ಹಿನ್ನೀರಿನಲ್ಲಿ ಅನಗವಾಡಿ ಕಡೆಯ ನಮ್ಮ ಊರು ಮುಳುಗಿದಾಗ, ಸರಕಾರ ಎತ್ತರದಲ್ಲಿ ಹೊಸ ಊರಿಗೆ ಗೆರೆ ಹಾಕಿ, ಮನೆಯ ಜಾಗಗಳನ್ನು ಚೀಟಿ ಎತ್ತಿಸಿ ಹಂಚಿತು. ಹಳೆಯ ಊರಿನಲ್ಲಿ ದಲಿತರ ಕೇರಿ ಹಳ್ಳದಾಚೆ ಇತ್ತು. ಚೀಟಿಗೆ ಆ ಹಳ್ಳ ಗೊತ್ತಿರಲಿಲ್ಲ. ನನ್ನ ಪಕ್ಕದ ಜಾಗ ಕೇರಿಯ ದುರ್ಗವ್ವನಿಗೆ ಬಂತು. ಕೇರಿಯವರೆಲ್ಲ ಊರಿನ ಕೊನೆಗೆ ಹೋಗಲಿ ಎಂದು ಹಿರಿಯರು ಹಟ ಹಿಡಿದರು, ಅಧಿಕಾರಿಗಳೂ ಮೆತ್ತಗಾದರು. ಚೀಟಿಯಲ್ಲಿ ಬಂದ ಜಾಗವೇ ಉಳಿಯಬೇಕೆಂದು ಅಕ್ಕ ದುರ್ಗವ್ವನ ಪರವಾಗಿ ಕೋರ್ಟಿಗೆ ಹೋದಳು.

ಒಂದು ಸಂಜೆ ಬೀರದೇವರ ಗುಡಿಕಟ್ಟೆಯ ಮೇಲೆ ಹಿರಿಯನೊಬ್ಬ, “ನಿಮ್ಮಕ್ಕ ಕೋರ್ಟಿನ್ಯಾಗ ಮಾತಾಡ್ತಾಳ, ಆತು. ನೀ ಅವರ ಗ್ವಾಡಿಗೆ ಗ್ವಾಡಿ ಹಚ್ಚಿ ಮಲಗಾಂವೇನಲೇ?” ಎಂದ. ಎಲ್ಲರೂ ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ನಗು ತಡೆಯಲಾಗಲಿಲ್ಲ. ನಮ್ಮವರ ನಡುವೆ ಜಾಗ ಬಂದಿದ್ದ ಕೇರಿಯ ಇನ್ನೊಬ್ಬನನ್ನು ಒತ್ತಾಯಿಸಿ, ಅವನ ಜಾಗ ನಾನು ಹಿಡಿದು ನನ್ನದನ್ನು ಅವನಿಗೆ ಕೊಟ್ಟೆ. ಕುರಿಹಟ್ಟಿಗೆ ಇದೇ ಅನುಕೂಲ ಎಂದು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು.

ವಿಚಾರಣೆಯ ದಿನ ನಾನು ಕೋರ್ಟಿನ ಹಿಂದಿನ ಬೆಂಚಿನಲ್ಲಿದ್ದೆ. ಎದುರು ವಕೀಲ ಎದ್ದು, “ಮೇಡಮ್ಮಾರ ಸ್ವಂತ ತಮ್ಮನೇ ದುರ್ಗವ್ವನ ಬಾಜೂಕ ಇರಾಕ ಒಲ್ಲೆ ಅಂದಾನ್ರಿ,” ಎಂದ. ಅಕ್ಕ ತಿರುಗಿ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನ್ಯಾಯಾಧೀಶರತ್ತ ಮುಖ ಮಾಡಿ, “ಖರೆ ಐತ್ರಿ. ನನ್ನ ತಮ್ಮನಂಥವರು ಅದಾರಂತನ ಈ ಕೇಸು ತಂದೇನ್ರಿ,” ಎಂದಳು.

ದುರ್ಗವ್ವನ ಜಾಗ ಉಳಿಯಿತು. ಒಡಹುಟ್ಟಿದವರ ಗೆಲುವಿನಲ್ಲಿ ನಮ್ಮದೂ ಒಂದು ಪಾಲು ಇರಲಿ ಎಂದು ಯಾರು ಬಯಸುವುದಿಲ್ಲ? ನನ್ನ ಪಾಲು ಎಂಥದೆಂದು ನೆನೆದರೆ ಇಂದಿಗೂ ಕಣ್ಣು ನೆಲಕ್ಕಿಳಿಯುತ್ತದೆ. ದುರ್ಗವ್ವ ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಯಾಕಪಾ, ಚಹಾಕ್ಕ ಬರಲೇ ಇಲ್ಲಲ್ಲ,” ಎನ್ನುತ್ತಾಳೆ. ನಾನು ಕುರಿಗಳನ್ನು ಗದರಿಸುತ್ತ ಮುಂದೆ ಹೋಗುತ್ತೇನೆ.

ಮೊನ್ನೆ ಅಕ್ಕ ಬಂದವಳು ರೊಟ್ಟಿ ಮುರಿಯುತ್ತ ಹೇಳಿದಳು: “ಹೆಸರು ಹೇಳದೇ ಆ ಕೇಸು ಪಾಠ ಮಾಡ್ತೇನಿ. ಒಬ್ಬ ಹುಡುಗಿ ಕೇಳಿದ್ಲು, ಆ ತಮ್ಮ ಈಗರೆ ಆ ಹೆಣ್ಮಗಳ ಮನಿಗೆ ಹೋಗ್ತಾನೇನ್ರಿ ಮೇಡಂ, ಅಂತ. ಏನ ಹೇಳ್ಲೋ?”

ನಾನು ಹೆಂಡತಿಯತ್ತ ತಿರುಗಿ, ಅಕ್ಕನಿಗೆ ಇನ್ನೊಂದು ರೊಟ್ಟಿ ಹಾಕು ಎಂದೆ.

“ರೊಟ್ಟಿ ಸಾಕು. ಸೋಮವಾರ ಕ್ಲಾಸ್ ಐತಿ,” ಎಂದಳು ಅಕ್ಕ.

ನಾಳೆ ಸೋಮವಾರ. ನಾನಿನ್ನೂ ದುರ್ಗವ್ವನ ಮನೆಯ ಚಹಾ ಕುಡಿದಿಲ್ಲ.