ಜವರಯ್ಯ ನಡೆದ ಹದಿನೈದು ಮೈಲಿ

ಬೇಲೂರಿನಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಜವರಯ್ಯ ಮೈಲಿಗೂಲಿಯಾಗಿದ್ದ. ಎರಡು ಮೈಲಿ ರಸ್ತೆ ಅವನ ಪಾಲಿನದು. ಗುಂಡಿಗೆ ಜಲ್ಲಿ ತುಂಬಬೇಕು, ಬೇಸಿಗೆಯಲ್ಲಿ ಸಾಲುಮರದ ಸಸಿಗಳಿಗೆ ಕೆರೆಯಿಂದ ನೀರು ಹೊರಬೇಕು. ಅದರಾಚೆಯ ಎರಡು ಮೈಲಿ ಹನುಮಂತಯ್ಯನದು. ತಬ್ಬಲಿ ಜವರಯ್ಯನನ್ನು ಕರೆತಂದು ಈ ಕೆಲಸಕ್ಕೆ ಹಚ್ಚಿದವನು ಅವನೇ. ಈಗ ಹನುಮಂತಯ್ಯನಿಗೆ ವಯಸ್ಸಾಗಿ ಉಬ್ಬಸ, ಹತ್ತು ಹೆಜ್ಜೆ ಇಟ್ಟರೆ ಕೂರಬೇಕು. ಎರಡು ವರ್ಷದಿಂದ ಅವನ ಸಸಿಗಳಿಗೂ ಜವರಯ್ಯನೇ ನೀರು ಹೊರುತ್ತಿದ್ದ. ಮೇಸ್ತ್ರಿ ಬರುವ ಹೊತ್ತಿಗೆ ಮುದುಕ ಗುದ್ದಲಿ ಹಿಡಿದು ನಿಂತರೆ ಸಾಕಿತ್ತು.

೧೯೬೧ರ ಬೇಸಿಗೆಯಲ್ಲಿ ಮೈಸೂರಿನಿಂದ ಸಂಪತ್ಕುಮಾರ್ ಎಂಬ ಯುವಕ ಬಂದ. ದುಡಿಯುವವರ ಮೈ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ, ಅದಕ್ಕೆ ತಕ್ಕ ಊಟ ಸಿಗುತ್ತದೆಯೇ ಎಂದು ಅಳೆಯುವುದು ಅವನ ಕೆಲಸ. ಜೇಬುಗಡಿಯಾರದಂಥ ಯಂತ್ರವೊಂದನ್ನು ಜವರಯ್ಯನ ಸೊಂಟಕ್ಕೆ ಕಟ್ಟಿದ. ಹೆಜ್ಜೆ ಹೆಜ್ಜೆಗೂ ಅದು ಟಿಕ್ ಎನ್ನುತ್ತಿತ್ತು. ಸಂಜೆ ನೋಡಿದರೆ ಮುಳ್ಳು ಹದಿನೈದು ಮೈಲಿಗೆ ಬಂದು ನಿಂತಿತ್ತು. ಮೂರು ದಿನವೂ ಹಾಗೆಯೇ.

"ನಿಮ್ಮ ಕೆಲಸಕ್ಕೆ ಎಂಟು ಮೈಲಿ ಆದೀತು. ಮಿಕ್ಕಿದ್ದು ಎಲ್ಲಿ ನಡೆದಿರಿ?" ಎಂದ ಸಂಪತ್ಕುಮಾರ್.

ಜವರಯ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹನುಮಂತಣ್ಣನ ಗಿಡಕ್ಕೂ ನಾನೇ ನೀರ್ ಹೊರ್ತೀನಿ ಸ್ವಾಮಿ. ಯಾರ ತಾವೂ ಅನ್ಬ್ಯಾಡಿ."

ಹುಡುಗ ಒಳ್ಳೆಯವನು. ಮುದುಕನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಈತ ಇಬ್ಬರಷ್ಟು ನಡೆಯುತ್ತಾನೆ, ಒಬ್ಬನಷ್ಟೂ ಉಣ್ಣುವುದಿಲ್ಲ, ಕೂಲಿ ಹೆಚ್ಚಿಸಿ ಎಂದು ರಸ್ತೆ ಇಲಾಖೆಯ ಮೇಲಿನವರಿಗೆ ಬರೆದ, ಅಷ್ಟೇ. ಆ ಇಬ್ಬರಲ್ಲಿ ಇನ್ನೊಬ್ಬ ಯಾರೆಂದು ಊಹಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂದಿನ ವಾರ ಹೇಳದೆ ಕೇಳದೆ ಬಂದರು. ಹನುಮಂತಯ್ಯ ಹುಣಸೆಮರದ ಬುಡದಲ್ಲಿ ಮಲಗಿದ್ದ. ಅವತ್ತೇ ಅವನ ಕೆಲಸ ಹೋಯಿತು.

ಗೆಂಡೆಹಳ್ಳಿಯ ಮಗಳ ಮನೆಗೆ ಬಸ್ಸು ಹತ್ತುವಾಗ ಮುದುಕನೇ ಜವರಯ್ಯನಿಗೆ ಸಮಾಧಾನ ಹೇಳಿದ. "ನಿನ್ನಿಂದ ಆಯ್ತು ಅನ್ಕಬ್ಯಾಡ ಕಣ್ಲಾ. ಎರಡು ವರ್ಸ ನಿನ್ನ ಕಾಲಲ್ಲೇ ನಡೆದೆ."

ಜವರಯ್ಯ ಕಂಡಕ್ಟರ್ ಸೀಟಿ ಊದುವವರೆಗೂ ಮುದುಕನ ಗಂಟನ್ನು ಹಿಡಿದೇ ನಿಂತಿದ್ದ.

ಕಾರ್ತಿಕದಲ್ಲಿ ಸಾವಿನ ಸುದ್ದಿ ಬಂತು. ಜವರಯ್ಯ ಗೆಂಡೆಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮಗಳು ಶಿವಗಂಗಮ್ಮ ಮುದ್ದೆ ಬಡಿಸಿದಳು. ಜವರಯ್ಯ ತುತ್ತು ಮುರಿದು ತಟ್ಟೆಯಲ್ಲೇ ಬಿಟ್ಟ.

"ನನ್ನ ಮೇಲೆ ಏನಾರ ಅಂದನಾ ತಾಯಿ?"

"ಒಂದು ಮಾತೂ ಅನ್ನಲಿಲ್ಲ ಕಣಣ್ಣ. ನಿನ್ನ ಹೆಸರು ಹೇಳ್ಕಂಡೇ ಹೋದ."

ಬಯ್ದಿದ್ದನೆಂದು ಅವಳು ಹೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಜವರಯ್ಯ ತಟ್ಟೆಯ ಮುಂದೆಯೇ ಅತ್ತುಬಿಟ್ಟ.