ಕಳೆದ ಸ್ಪ್ಯಾನರ್, ಉಳಿದ ಕೆಲಸ

ವಿಮಾನ ದುರಸ್ತಿ ಕೆಲಸಗಾರರ ಸಂಘಕ್ಕೆ ಕಾರ್ಯದರ್ಶಿಗಳಾದವರು ಹಲವರು. ಆದರೆ ಆಡಳಿತ ವರ್ಗದವರೂ ಎದ್ದು ನಿಂತು ಕುರ್ಚಿ ಕೊಡುವಷ್ಟು ಘನತೆಯಿಂದ ಇಪ್ಪತ್ತೊಂಬತ್ತು ವರ್ಷ ಆ ಹೊಣೆ ಹೊತ್ತು, ಇಂದು ನಿವೃತ್ತರಾಗುತ್ತಿರುವ ಹಿರಿಯರು ಇವರೊಬ್ಬರೇ. ಇಂಜಿನ್ ಮೆಕ್ಯಾನಿಕ್ಕಾಗಿ ಸೇರಿದ ಇವರು ಮೊದಲು ಹೋರಾಡಿದ್ದು ಇಂಜಿನ್ನಿನ ಅಬ್ಬರದ ನಡುವೆ ಸಾಮಾನು ಇಳಿಸುವವರ ಕಿವಿರಕ್ಷಣೆಗಾಗಿ. ಯಾವ ಅಧಿಕಾರಿ ಬಾಯಿಮಾತಿನ ಭರವಸೆ ಕೊಟ್ಟರೂ "ಬರೆದ್ಕೊಡಿ ಸಾರ್" ಎನ್ನದೆ ಕದಲದವರಾದ್ದರಿಂದ ವಿಮಾನ ದುರಸ್ತಿಯ ಹ್ಯಾಂಗರಿನಲ್ಲಿ ಇವರು 'ಬರೆದ್ಕೊಡಣ್ಣ'. ಹೊಗಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ನಾನಂತೂ ಬರೆಯುವವನೇ.

ನಮ್ಮಲ್ಲಿ ವಿಮಾನವನ್ನು ಬಿಟ್ಟುಕೊಡುವ ಮುನ್ನ ನಮ್ಮ ಸಲಕರಣೆ ಪೆಟ್ಟಿಗೆಯ ಪ್ರತಿಯೊಂದು ಸಾಧನವನ್ನೂ ಎಣಿಸಿ ಸಹಿ ಹಾಕಬೇಕು. ಒಂದು ಕಡಿಮೆಯಾದರೂ ಅದು ಇಂಜಿನ್ನಿನೊಳಗೇ ಉಳಿದಿರಬಹುದು, ವಿಮಾನ ಮೇಲೇಳುವಂತಿಲ್ಲ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ನಾನು ಒಂದು ಬೆಳಿಗ್ಗೆ ಅವಸರದಲ್ಲಿ ಎಣಿಸದೆಯೇ ಸಹಿ ಗೀಚಿದೆ. ಪ್ರಯಾಣಿಕರು ಹತ್ತಿ ಕುಳಿತ ಮೇಲೆ ನೋಡಿದರೆ ಒಂದು ಸ್ಪ್ಯಾನರಿನ ಜಾಗ ಖಾಲಿ. ಓಡಿಹೋಗಿ ಮೇಲ್ವಿಚಾರಕರಿಗೆ ಒಪ್ಪಿಸಿದೆ. ವಿಮಾನ ನಿಂತಿತು, ಎರಡು ಗಂಟೆ ಹುಡುಕಿದ ಮೇಲೆ ಸ್ಪ್ಯಾನರ್ ಇಂಜಿನ್ನಿನ ಹೊದಿಕೆಯೊಳಗೆ ಸಿಕ್ಕಿತು. ವಾರದೊಳಗೆ ಅಮಾನತಿನ ಪತ್ರ, ಜೊತೆಗೆ ಕೆಲಸದಿಂದ ಏಕೆ ತೆಗೆಯಬಾರದೆಂಬ ನೋಟಿಸು ನನ್ನ ಕೈಸೇರಿದವು.

ಮನೆಯಲ್ಲಿ ಹೇಳುವ ಧೈರ್ಯವಿಲ್ಲದೆ ದಿನವೂ ಸಮವಸ್ತ್ರ ತೊಟ್ಟು ಹೊರಟು, ಸಂಘದ ಕಚೇರಿಯ ಬೆಂಚಿನ ಮೇಲೆ ಹಗಲು ಕಳೆಯುತ್ತಿದ್ದೆ. ಬರೆದ್ಕೊಡಣ್ಣ ಏನೂ ಕೇಳದೆ ಹಳೆಯ ಫೈಲುಗಳನ್ನು ಜೋಡಿಸಲು ಕೊಟ್ಟರು, ತಮ್ಮ ಡಬ್ಬಿಯಲ್ಲಿ ಅರ್ಧ ಊಟ ಕೊಟ್ಟರು. ನಾಲ್ಕನೇ ದಿನ ಕೇಳಿದರು: "ಅಪ್ಪನಿಗೆ ಹೇಳಿದ್ಯಾ?"

"ಇಲ್ಲ ಅಣ್ಣ."

"ನಡಿ, ನಾನೂ ಬರ್ತೀನಿ."

ನಮ್ಮ ಮನೆಯ ಹಜಾರದಲ್ಲಿ ಕುಳಿತು ಅಪ್ಪನಿಗೆ ಹೇಳಿದರು: "ನಿಮ್ಮ ಮಗ ತಪ್ಪು ಮಾಡಿದ್ದಾನೆ, ಆದ್ರೆ ಮುಚ್ಚಿಡಲಿಲ್ಲ. ಅವನ ಕೆಲಸ ಉಳಿಸೋದು ನನಗೆ ಬಿಡಿ." ಅಂದು ರಾತ್ರಿ ನಾನು ಹೊಟ್ಟೆತುಂಬ ಉಂಡೆ.

ಪೆಟ್ಟಿಗೆ ಕೊಡುವಾಗಲೇ ಸ್ಪ್ಯಾನರ್ ಇರಲಿಲ್ಲವೆಂದು ಸ್ಟೋರಿನವರ ತಲೆಗೆ ಕಟ್ಟಿಬಿಡು ಎಂದು ಗೆಳೆಯರು ಹೇಳಿಕೊಟ್ಟಿದ್ದರು. ಅದನ್ನು ಕೇಳಿ ಅಣ್ಣ ಕೆಂಡವಾದರು. "ಸುಳ್ಳು ಹೇಳೋದಾದ್ರೆ ವಿಚಾರಣೆಗೆ ಬೇರೆಯವರನ್ನ ಕರ್ಕೊಂಡು ಹೋಗು" ಎಂದರು.

ವಿಚಾರಣೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವನು ಹೇಳದಿದ್ರೆ ನಿಮಗೆ ಗೊತ್ತಾಗ್ತಿತ್ತಾ ಸಾರ್?"

ಅಧಿಕಾರಿ ನೀರು ಕುಡಿದು, "ಇಲ್ಲ" ಎಂದರು.

"ಅದನ್ನ ಬರೆದ್ಕೊಡಿ. ಆಮೇಲೆ ಬೇಕಾದ್ರೆ ಇವನನ್ನ ತೆಗೀರಿ. ಆದ್ರೆ ನಾಳೆ ಇನ್ನೊಬ್ಬನ ಸ್ಪ್ಯಾನರ್ ಕಳೆದ್ರೆ ಅವನು ಬಾಯಿ ಬಿಡಲ್ಲ. ಆ ವಿಮಾನದಲ್ಲಿ ನೀವೇ ಕೂತಿರಬಹುದು."

ನನಗೆ ಒಂದು ತಿಂಗಳ ಮರುತರಬೇತಿಯಾಯಿತು, ಕೆಲಸ ಉಳಿಯಿತು. ಅಷ್ಟಕ್ಕೇ ಬಿಡುವವರೇ ಅವರು? ತನ್ನ ತಪ್ಪನ್ನು ತಾನೇ ತಿಳಿಸಿದವರನ್ನು ಕೆಲಸದಿಂದ ತೆಗೆಯಕೂಡದೆಂಬ ಷರತ್ತನ್ನು ಆಡಳಿತ ವರ್ಗದೊಡನೆ ಆ ವರ್ಷ ಆದ ಒಪ್ಪಂದದಲ್ಲೇ ಸೇರಿಸಿದರು. ಅದಕ್ಕೆ ಸಹಿಯಾದ ದಿನ ಹ್ಯಾಂಗರಿನಲ್ಲಿ ಮುನ್ನೂರು ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ಅವರು ಮಾತ್ರ ಕನ್ನಡಕ ಬಿದ್ದೀತೆಂದು ಬೈಯುತ್ತಲೇ ಇದ್ದರು.

ಈಗ ನಾನೇ ಮೇಲ್ವಿಚಾರಕ. ಕಳೆದ ತಿಂಗಳು ಹೊಸ ತಂತ್ರಜ್ಞೆಯೊಬ್ಬಳು ಓಡಿಬಂದು, "ಸಾರ್, ನನ್ನ ಟಾರ್ಚ್ ಕಾಣ್ತಿಲ್ಲ, ಎಣಿಸದೆ ಸಹಿ ಹಾಕಿಬಿಟ್ಟೆ" ಎಂದಳು. ವಿಮಾನ ನಿಲ್ಲಿಸಿದೆವು. ಟಾರ್ಚ್ ಚಕ್ರದ ಗೂಡಿನಲ್ಲಿ ಸಿಕ್ಕಿತು. ಮರುದಿನ ಆಕೆ ಎಂದಿನಂತೆ ಕೆಲಸಕ್ಕೆ ಬಂದಳು. ಆ ವಿಮಾನದ ನೂರೆಂಬತ್ತು ಪ್ರಯಾಣಿಕರು ತಡವಾಯಿತೆಂದು ನಮಗೆ ಹಿಡಿಶಾಪ ಹಾಕುತ್ತಲೇ ಸುಖವಾಗಿ ಊರು ಸೇರಿದರು. ಅಣ್ಣ ಯಾರೆಂದೇ ಅರಿಯದ ಆ ನೂರೆಂಬತ್ತು ಜನರ ಪರವಾಗಿಯೂ ಕೈಮುಗಿದು ಕೇಳುತ್ತೇನೆ: ನೂರು ಕಾಲ ಬಾಳಿ ಅಣ್ಣ, ನಾಳೆಯೂ ಸಂಘಕ್ಕೆ ಬನ್ನಿ.