ಮಾಯಮ್ಮನ ಟೇಪು, ಸಂಪತ್ ಕುಮಾರನ ಕಾನೂನು

ಮದ್ದೂರಿನ ಪೋಸ್ಟಾಫೀಸಿನಲ್ಲಿ ರೇಡಿಯೋ ಲೈಸೆನ್ಸಿನ ಕಿಟಕಿಯ ಹಿಂದೆ ನಾನು ಹನ್ನೊಂದು ವರ್ಷ ಕೂತಿದ್ದೆ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ಬಂದು ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಹೋಗಬೇಕಾಗಿದ್ದ ಕಾಲ ಅದು. ಬರುವವರೆಲ್ಲ ಗೊಣಗುತ್ತಲೇ ಬರುತ್ತಿದ್ದರು. ಗೊಣಗದೆ ನೇರವಾಗಿ ಜಗಳಕ್ಕೇ ಬರುತ್ತಿದ್ದವನು ಸಂಪತ್ ಕುಮಾರ ಒಬ್ಬನೇ.

"ಚಲುವ, ಕೇಳೋರ ಹತ್ತಿರ ಸರ್ಕಾರ ದುಡ್ಡು ಇಸ್ಕೊಳುತ್ತೆ, ಸರಿ. ಹಾಡಿದೋರಿಗೆ ಅದರಲ್ಲಿ ಏನು ಹೋಗುತ್ತೆ, ಹೇಳು."

"ನಾನು ಮುದ್ರೆ ಒತ್ತೋನು ಕಣಯ್ಯ. ಡೆಲ್ಲಿಗೆ ಕಾಗದ ಬರೆದು ಕೇಳು," ಅನ್ನುತ್ತಿದ್ದೆ. ಅವನು ನಿಜವಾಗಿಯೂ ಬರೆಯುತ್ತಿದ್ದ. ಉತ್ತರ ಬಂದದ್ದನ್ನು ನಾನಂತೂ ಕಾಣೆ.

ಅವನದು ಸ್ಟೇಷನ್ ರಸ್ತೆಯಲ್ಲಿ ಒಂದು ಮಳಿಗೆ. ಬೋರ್ಡಿನ ಮೇಲೆ ಅಂಗಡಿಗೆ ಹೆಸರಿರಲಿಲ್ಲ, 'ರೇಡಿಯೋ ರಿಪೇರಿ' ಎಂದಷ್ಟೇ ಬರೆಸಿದ್ದ. ಅವನ ತಂದೆ ಪ್ರೈಮರಿ ಶಾಲೆಯ ಮೇಷ್ಟರು, ಮಗನೂ ಮೇಷ್ಟರಾಗಲಿ ಎಂದಿದ್ದರು. ಇವನು ಮೈಸೂರಿಗೆ ಹೋಗಿ ರಿಪೇರಿ ಕಲಿತು ಬಂದ. ಮೇಷ್ಟರ ಗುಣ ಮಾತ್ರ ಹೋಗಲಿಲ್ಲ. ಸೆಟ್ಟು ತಂದವನು ಎಷ್ಟೇ ಅವಸರದಲ್ಲಿರಲಿ, ಅವನಿಗೆ ಪಾಠ ಹೇಳದೆ ಕಳಿಸುತ್ತಿರಲಿಲ್ಲ. ವಾಲ್ವಿನ ಸೆಟ್ಟು ಹಳೆಯ ಕಾಲದ ಯಜಮಾನನ ಹಾಗೆ, ಏಳುವುದು ನಿಧಾನ, ಎದ್ದ ಮೇಲೆ ಮಾತಿಗೆ ತೂಕ ಇದೆ ಅನ್ನುತ್ತಿದ್ದ. ಹೊಸದಾಗಿ ಬರುತ್ತಿದ್ದ ಅಂಗೈಯಗಲದ ಟ್ರಾನ್ಸಿಸ್ಟರುಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಕೆಲವಕ್ಕೆ ತಿರುಪೇ ಇರುತ್ತಿರಲಿಲ್ಲ, ಅಂಟು ಹಾಕಿ ಮುಚ್ಚಿರುತ್ತಿದ್ದರು.

"ಬಿಚ್ಚೋಕೆ ಆಗದೇ ಇರೋ ಪೆಟ್ಟಿಗೆ ನಿಂದಲ್ಲಪ್ಪ. ದುಡ್ಡು ನಿಂದು, ಪೆಟ್ಟಿಗೆ ಕಂಪನಿಯೋನದು," ಎಂದು ಹೊಲ ಮಾರಿದವನಿಗೆ ಹೇಳುವ ಹಾಗೆ ಹೇಳುತ್ತಿದ್ದ. ತಂದವನು ಪೆಚ್ಚಾಗಿ ನಿಲ್ಲುತ್ತಿದ್ದ.

ಅವನ ಕೆಲಸದಲ್ಲಿ ಒಂದು ವಿಶೇಷವಿತ್ತು. ಯಾವ ಸೆಟ್ಟು ಬಿಚ್ಚಿದರೂ ಒಳಗಿನ ವೈರುಗಳ ನಕ್ಷೆಯನ್ನು ಕೈಯಾರೆ ಬರೆದು ಹಿಂದಿನ ಮುಚ್ಚಳದ ಒಳಗೆ ಅಂಟಿಸುತ್ತಿದ್ದ. ಮುಂದೆ ಮಂಡ್ಯದಲ್ಲೋ ಮಳವಳ್ಳಿಯಲ್ಲೋ ಇನ್ನೊಬ್ಬ ರಿಪೇರಿಯವನು ಅದನ್ನು ಬಿಚ್ಚಿದರೆ ಅವನಿಗೆ ದಾರಿ ತಿಳಿಯಲಿ ಎಂದು. "ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತಿದೀಯ," ಎಂದು ನಾನು ಬೈದರೆ ನಗುತ್ತಿದ್ದ. ಇಂಥ ಧಾರಾಳಿ ಮಾಯಮ್ಮನ ಟೇಪಿನ ವಿಷಯದಲ್ಲಿ ಅಷ್ಟೊಂದು ಬಿಗಿಯಾದದ್ದು ಯಾಕೆ ಎಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಎಪ್ಪತ್ತಮೂರರಲ್ಲಿ ಅವನು ಬೆಂಗಳೂರಿನಿಂದ ಹಳೆಯ ಟೇಪ್ ರೆಕಾರ್ಡರ್ ಒಂದನ್ನು ತಂದ. ಎರಡು ದೊಡ್ಡ ಚಕ್ರ, ಎತ್ತಲು ಇಬ್ಬರು ಬೇಕು. ಅದೇ ವರ್ಷ ಆತಗೂರಿನ ಸಿದ್ದರಾಜು ರೇಡಿಯೋ ರಿಪೇರಿಗೆ ಬಂದಾಗ ಜೊತೆಯಲ್ಲಿ ಅವನ ತಾಯಿ ಮಾಯಮ್ಮ ಇದ್ದರು. ಸುತ್ತಿನ ಯಾವ ಮದುವೆಯಾದರೂ ಸೋಬಾನೆಗೆ ಅವರೇ ಬೇಕು. ಕಾಯುತ್ತ ಕೂತಿದ್ದವರು ಸುಮ್ಮನೆ ಏನೋ ಗುನುಗಿದರು. ಸಂಪತ್ತು ಕೈಲಿದ್ದ ಕೆಲಸ ಕೆಳಗಿಟ್ಟ.

"ಅಮ್ಮ, ಇದರ ಮುಂದೆ ಹಾಡ್ತೀರಾ?"

ಮಾಯಮ್ಮ ಮೈಕನ್ನು ಹಾವು ನೋಡಿದ ಹಾಗೆ ನೋಡಿದರು. "ನನ್ ಗಂಟ್ಲು ಅದ್ರೊಳೀಕೆ ಓಗ್ ಕುಂತ್ಕಂಡ್ರೆ ನಾನೇನ್ ಮಾಡ್ಲಿ ಸಾಮಿ?"

"ಅದು ನಿಮ್ಮದಾಗೇ ಇರುತ್ತೆ. ನೀವಾಗಲಿ, ನಿಮ್ಮ ಮನೆಯವರಾಗಲಿ ಅಳಿಸು ಅಂದ ದಿನ ಅಳಿಸಿಬಿಡ್ತೀನಿ. ಯಾಕೆ ಅಂತಲೂ ಕೇಳೋಲ್ಲ. ಸಿದ್ದರಾಜು, ನೀನೇ ಸಾಕ್ಷಿ."

ನಾನೂ ಅಲ್ಲೇ ಇದ್ದೆ. ಮಾಯಮ್ಮ ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿ ಹಾಡಿದರು. ಟೇಪು ಮುಗಿಯುವವರೆಗೂ, ಒಂದು ಗಂಟೆಯ ಮೇಲೆ ಹಾಡಿದರು. ಹೆಣ್ಣು ಒಪ್ಪಿಸುವ ಪದ ಬಂದಾಗ ಎದುರಿನ ಹೂವಿನ ಅಂಗಡಿಯವಳು ಕಟ್ಟುತ್ತಿದ್ದ ಹೂವು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದು ನನಗೆ ನೆನಪಿದೆ.

ಸುದ್ದಿ ಹರಡಿತು. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಮಂಡ್ಯದ ಮಹದೇವಯ್ಯ ಬಂದು ಒಂದು ಪ್ರತಿ ಮಾಡಿಕೊಡಿ ಎಂದ. ಸಂಪತ್ತು ಆಗುವುದಿಲ್ಲ ಎಂದ. ಮಹದೇವಯ್ಯ ಬುದ್ಧಿವಂತ, ನೇರ ಆತಗೂರಿಗೇ ಹೋಗಿ ಮಾಯಮ್ಮನನ್ನು ಕೇಳಿದ. ಅವರು ಮುಂದಿನ ಸಂತೆಯ ದಿನ ಅಂಗಡಿಗೆ ಬಂದು ಹೇಳಿದರು: "ಕೊಟ್ಬುಡಿ ಸಾಮಿ. ನಂದೇನೈತೆ ಅದ್ರಾಗೆ? ನಮ್ಮತ್ತೆ ಯೋಳ್ಕೊಟ್ಳು, ಅವ್ಳಿಗೆ ಅವ್ಳತ್ತೆ. ಕೇಳ್ದೋರ್ಗೆ ಇಲ್ಲ ಅನ್ಬಾರ್ದು."

"ನಿಮಗೆ ಗೊತ್ತಾಗಲ್ಲ ಅಮ್ಮ. ಅವನು ನಿಮ್ಮ ಧ್ವನಿ ಬಾಡಿಗೆಗೆ ಬಿಡ್ತಾನೆ. ಹಾಡಿದೋರು ನೀವು, ಹಕ್ಕು ನಿಮ್ಮದು. ನಾನು ಕೊಡಲ್ಲ."

ಹಾಡಿದವರೇ ಕೊಡು ಅಂದ ಮೇಲೆ ಇವನದೇನು ತಕರಾರು? ಅವರ ಹಕ್ಕನ್ನು ಅವರಿಂದಲೇ ಕಾಪಾಡುವ ಕಾನೂನು ಯಾವ ಪುಸ್ತಕದಲ್ಲಿದೆ? ಹಾಗೆಂದು ಕೇಳಿದ್ದಕ್ಕೆ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟ. ಮೂರು ವರ್ಷ ಆ ಟೇಪು ಅವನ ಬೀರುವಿನಲ್ಲಿ, ಒಂದೇ ಒಂದು, ಹಾಗೇ ಇತ್ತು. ಅವನೂ ಅದನ್ನು ಹಾಕಿ ಕೇಳಿದ್ದು ಕಡಿಮೆ. ಕೇಳಬೇಕೆನಿಸಿದರೆ ಮಾಯಮ್ಮ ಅಂಗಡಿಗೆ ಬಂದಾಗ ಅವರನ್ನು ಕೇಳಿಯೇ ಹಾಕುತ್ತಿದ್ದ.

ಎಪ್ಪತ್ತಾರರ ಮಾಘದಲ್ಲಿ ಒಂದು ಮಧ್ಯಾಹ್ನ ಆತಗೂರು ಕಡೆಯ ಬಸ್ಸಿನ ಕಂಡಕ್ಟರು ಅಂಗಡಿಗೆ ಒಂದು ಚೀಟಿ ತಂದುಕೊಟ್ಟ. ಸಿದ್ದರಾಜು ಬರೆದದ್ದು. ನಾಲ್ಕನೇ ಕ್ಲಾಸಿನ ಅಕ್ಷರ. ಸಂಪತ್ತು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಕೈಗೆ ಕೊಟ್ಟ. ಊಟದ ಬಿಡುವಿನಲ್ಲಿ ನಾನು ದಿನವೂ ಅಲ್ಲಿಗೆ ಹೋಗುತ್ತಿದ್ದೆ.

'ಅವ್ವ ಮೊನ್ನೆ ತೀರ್ಕಂಡ್ಳು. ಅವ್ವನ ಟೇಪಲ್ಲಿ ಅಳಿಸಬೇಕು. ನಾಳೆ ಮೊದ್ಲ ಬಸ್ಸಿಗೆ ಮುದ್ದಮ್ಮನ್ನ ಕರ್ಕಂಡು ಬತ್ತೀನಿ. ತಯಾರು ಮಾಡಿ ಮಡಗಿರಿ.'

ಮುದ್ದಮ್ಮ ಎಂದರೆ ಮಾಯಮ್ಮನ ಮಗಳು, ಸಿದ್ದರಾಜುವಿನ ತಂಗಿ.

ಸಂಪತ್ತು ಚೀಟಿಯನ್ನು ವಾಪಸು ತೆಗೆದುಕೊಂಡು ಇನ್ನೊಂದು ಸಲ ಓದಿದ. ಆಮೇಲೆ, "ಅಳಿಸಬೇಕಂತೆ. ಹಾಗೇ ಅಲ್ವಾ ಬರೆದಿರೋದು?" ಎಂದ.

"ಅಚ್ಚಗನ್ನಡ ಕಣಯ್ಯ, ಇನ್ನು ಹೇಗೆ ಓದ್ತೀಯ?"

"ಯಾಕಿರಬಹುದು?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಊರಿನವರ ಕಾಗದಗಳನ್ನೆಲ್ಲ ಓದಿಕೊಟ್ಟು, ಬರೆದುಕೊಟ್ಟು, ಹಳ್ಳಿಯವರ ಮನಸ್ಸು ನನಗೆ ಗೊತ್ತಿಲ್ಲದ್ದಲ್ಲ ಎಂಬ ಜಂಬ ನನಗೆ. "ಸತ್ತವರ ಧ್ವನಿ ಇಲ್ಲಿ ಉಳಿದರೆ ಜೀವಕ್ಕೆ ದಾರಿ ಸಿಕ್ಕೋಲ್ಲ ಅಂತ ಅವರ ನಂಬಿಕೆ. ಖಾಲಿ ಟೇಪು ತಗೊಂಡು ಹೋಗಿ ಬೂದಿಯ ಜೊತೆ ಶಿಂಷಾ ನದಿಗೆ ಬಿಡ್ತಾರೇನೋ," ಎಂದೆ. ಅಂಥ ನಂಬಿಕೆಯನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿಸಿ ಹೇಳಿದೆ.

"ನಾಳೆ ಬರ್ತಾರಲ್ಲ, ಅವರೆದುರಿಗೇ ಅಳಿಸೋಣ," ಎಂದ ಸಂಪತ್ತು.

"ತಯಾರು ಮಾಡಿ ಇಡಿ ಅಂದಿದಾರೆ. ಸಾವಿನ ಮನೆಯವರನ್ನ ಒಂದು ಗಂಟೆ ಇಲ್ಲಿ ಕೂರಿಸ್ತೀಯಾ? ಮಾತು ಕೊಟ್ಟಿದ್ದೆ, ನಡೆಸು."

ಅವನು ಟೇಪು ತೆಗೆದು ಚಕ್ರಕ್ಕೆ ಏರಿಸಿದ. ಮೈಕಿನ ವೈರು ಕಿತ್ತು ರೆಕಾರ್ಡಿನ ಗುಂಡಿ ಒತ್ತಿದರೆ ಆಯಿತು, ಹಳೆಯದೆಲ್ಲ ಹೋಗಿ ಬರೀ ಮೌನ ತುಂಬಿಕೊಳ್ಳುತ್ತದೆ. ಅಳಿಸುವ ಮುಂಚೆ ಒಂದು ಸಲ ಕೇಳಿಬಿಡೋಣ ಎಂದೆ. "ಬೇಡ ಅಂದ ಮೇಲೆ ಕೇಳೋದು ಕಳ್ಳತನ," ಎಂದು ಗುಂಡಿ ಒತ್ತಿದ. ಅರ್ಧ ಆಗಿತ್ತೋ ಇಲ್ಲವೋ, ಕರೆಂಟು ಹೋಯಿತು. ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲಿ ಕರೆಂಟು ಹುಟ್ಟಿದರೂ ನಮ್ಮೂರಲ್ಲಿ ಅದು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಚಕ್ರ ನಿಂತಿತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಉಳಿದರ್ಧದಲ್ಲಿ ಮಾಯಮ್ಮ ಇನ್ನೂ ಇದ್ದರು. "ಇದು ಶಕುನ ಇರಬಹುದೇನೋ ಚಲುವ," ಎಂದ ಅವನು. ನಾನು ನಕ್ಕು, ಕಿಟಕಿ ತೆರೆಯುವ ಹೊತ್ತಾಯಿತೆಂದು ಎದ್ದು ಹೊರಟೆ. ಕರೆಂಟು ಬಂದ ಮೇಲೆ ಮಿಕ್ಕದ್ದನ್ನೂ ಅಳಿಸಿದನಂತೆ.

ಮರುದಿನ ಪೋಸ್ಟಾಫೀಸು ತೆರೆಯುವ ಮುಂಚೆ ನಾನು ಅಂಗಡಿಯಲ್ಲಿದ್ದೆ. ಸಿದ್ದರಾಜು ತಂಗಿಯ ತೋಳು ಹಿಡಿದು ನಡೆಸಿಕೊಂಡು ಬಂದ. ಅವಳು ಎಲ್ಲಿ ಕೂರಿಸಿದರೆ ಅಲ್ಲಿ ಕೂತಳು. ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಸಂಪತ್ತು ಟೇಪನ್ನು ಡಬ್ಬಿಯಲ್ಲಿಟ್ಟು ಎರಡೂ ಕೈಯಿಂದ ಮುಂದೆ ಚಾಚಿದ.

ಸಿದ್ದರಾಜು ತೆಗೆದುಕೊಳ್ಳಲಿಲ್ಲ. "ಅದ್ನ ನಂಗ್ಯಾಕೆ ಕೊಟ್ಟೀರಿ ಸಾಮಿ? ಮಿಸನ್ನಿಗೆ ಆಕಿ. ಮೂರ್ ದಿನ ಆಯ್ತು, ಇವ್ಳು ಒಂದ್ ತೊಟ್ಟು ಕಣ್ಣೀರ್ ಆಕಿಲ್ಲ. ಕಲ್ಲಾಗೋಗವ್ಳೆ. ಎಂಗಾರ ಮಾಡಿ ಅಳಿಸ್ರಲಾ, ಇಲ್ದಿದ್ರೆ ಎದೆ ಒಡ್ದೋಯ್ತದೆ ಅಂತ ಇರೀಕ್ರು ಯೋಳುದ್ರು. ಅವ್ವನ್ ಪದ ಕೇಳುದ್ರೆ ಅತ್ತಾಳು ಅಂತ ಕರ್ಕಂಡ್ ಬಂದೀವ್ನಿ."

ಅಳಿಸಬೇಕು! ಮಗಳನ್ನು ಅಳಿಸಬೇಕು. ಅವನು ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಂಪತ್ತು ಹೇಳಿಬಿಟ್ಟ: "ಸಿದ್ದರಾಜು, ಚೀಟಿ ನಾನು ತಪ್ಪಾಗಿ ಓದಿಕೊಂಡೆ. ಟೇಪು ಅಳಿಸು ಅಂತ ಅಂದುಕೊಂಡೆ. ಇದರಲ್ಲಿ ಏನೂ ಇಲ್ಲಪ್ಪ." ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಿದ್ದರಾಜುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಲಿಲ್ಲ. ಹಾಕಿಸಿದ. ಬರೀ ಸುಯ್ ಎಂಬ ಸದ್ದು. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ಇನ್ನೊಂದ್ ಎಲ್ಲಾರ ಇದ್ದಾತಾ?" ಎಂದು ಕೇಳಿದ. ಇಲ್ಲ ಎಂದ ಸಂಪತ್ತು.

ಆಗ ಮುದ್ದಮ್ಮ ತಲೆ ಎತ್ತಿದಳು. ಮೂರು ದಿನದಲ್ಲಿ ಅವಳು ಆಡಿದ ಮೊದಲ ಮಾತಂತೆ ಅದು. "ಬಿತ್ನೆ ರಾಗೀನ ಯಾರಾರ ಒಂದೇ ಗುಡಾಣದಲ್ಲಿ ಮಡಗ್ತಾರಾ ಸಾಮಿ? ನಾಕ್ ಮನೇಲಿ ಇದ್ರಲ್ವಾ ಒಂದ್ ಮನೇಲಾರ ಉಳಿಯಾದು."

ಸಿಟ್ಟಿನಿಂದ ಹೇಳಲಿಲ್ಲ. ಕೇಳಿದಳು ಅಷ್ಟೆ. ಆಮೇಲೆ ಅಣ್ಣನ ಜೊತೆ ಎದ್ದು ಹೋದಳು. ಅಳಲಿಲ್ಲ.

ಅವತ್ತಿನಿಂದ ಸಂಪತ್ತು ರೆಕಾರ್ಡರ್ ಮುಟ್ಟಲಿಲ್ಲ. ವಾದ ಮಾಡುವುದನ್ನೂ ಬಿಟ್ಟ. ಲೈಸೆನ್ಸಿಗೆ ಬಂದರೆ ಸುಮ್ಮನೆ ಪುಸ್ತಕ ಚಾಚಿ, ಮುದ್ರೆ ಹಾಕಿಸಿಕೊಂಡು ಹೋಗುತ್ತಿದ್ದ. ಅವನು ಜಗಳವಾಡದೆ ಹೋಗುವುದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು. ಚೀಟಿಗೆ ಅರ್ಥ ಹೇಳಿದವನು ನಾನು ಎಂದು ಅವನು ಒಂದು ದಿನವೂ ಅನ್ನಲಿಲ್ಲ, ತನ್ನ ಹೆಂಡತಿ ಪಂಕಜಮ್ಮನ ಹತ್ತಿರವೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಸಿದ್ದರಾಜು ರೇಡಿಯೋಗೆ ಶೆಲ್ಲು ಕೊಳ್ಳಲು ಬಂದವನು ಒಂದು ಸುದ್ದಿ ಹೇಳಿದ. ಆತಗೂರಿನಲ್ಲೊಂದು ಮದುವೆ. ಹೆಣ್ಣು ಒಪ್ಪಿಸುವ ಪದ ಎತ್ತಿದ ಹೆಂಗಸರು ಎರಡು ಸೊಲ್ಲು ಹೇಳಿ ನಿಂತುಬಿಟ್ಟರಂತೆ. ಮೂರನೆಯದು ಯಾರಿಗೂ ಬಾರದು. ಅದು ಬರುತ್ತಿದ್ದದ್ದು ಮಾಯಮ್ಮ ಒಬ್ಬರಿಗೇ. ಎಲ್ಲರೂ ಮುದ್ದಮ್ಮನ ಮುಖ ನೋಡಿದರಂತೆ. "ಆವತ್ತು ಅತ್ಲು ಸಾಮಿ. ಚಪ್ರದಾಗೇ ಬಿದ್ದು ಒಳ್ಳಾಡ್ಬುಟ್ಲು. ಇಡ್ಕಳಾಕ್ ಆಗ್ನಿಲ್ಲ."

ಸಂಪತ್ತು ಆ ಪದವನ್ನು ನೆನಪಿನಿಂದ ಬರೆಯಲು ಕೂತ. ಯಾವ ಸೆಟ್ಟಿನ ನಕ್ಷೆಯನ್ನಾದರೂ ಕಣ್ಣು ಮುಚ್ಚಿ ಬರೆಯುತ್ತಿದ್ದವನಿಗೆ ಮೂರನೆಯ ಸೊಲ್ಲು ಬರಲಿಲ್ಲ. ಎಲ್ಲಿಂದ ಬರಬೇಕು? ಕೇಳಿದ್ದೇ ಕಡಿಮೆ. ಭಾನುವಾರ ಅಂಗಡಿ ಮುಚ್ಚಿ ಆತಗೂರಿನ ಮುದುಕಿಯರನ್ನು ಕೇಳಿದ, ಬಸರಾಳಿನವರೆಗೂ ಹೋಗಿ ಬಂದ. ಒಬ್ಬೊಬ್ಬರು ಒಂದೊಂದು ಹೇಳಿದರು. ಮಾಯಮ್ಮನದು ಯಾವುದೂ ಅಲ್ಲ ಎಂದು ಎಲ್ಲವನ್ನೂ ಹೊಡೆದು ಹಾಕುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ಕಾಮಾಲೆಯಾಗಿ ತೀರಿಕೊಂಡ. ನಲವತ್ತೆರಡು ವಯಸ್ಸು.

ಸಿದ್ದರಾಜು ಸುದ್ದಿ ಕೇಳಿ ಬಂದಿದ್ದ. ಸಂಪತ್ತಿನ ಮನೆಯ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತ. ಒಳಗೆ ಪಂಕಜಮ್ಮ ಅಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಹೇಳಿದ:

"ಒಳ್ಳೇ ಮನ್ಸ. ಅದೊಂದು ಚೀಟಿ ಸರ್ಯಾಗ್ ಓದ್ಕಂಡಿದ್ರೆ ಆಗಿತ್ತು. ಅಷ್ಟ್ ಓದ್ದೋರು, ಅದೆಂಗ್ ತಪ್ಪುದ್ರೋ. ಅಲ್ವಾ ಸಾಮಿ?"

ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಹುದಾಗಿತ್ತು.

"ಹೌದಪ್ಪ," ಎಂದೆ.